ಭಾವನ ಹಿಂದಿಯೂ ಅಮೂಲ್ಯಳ ಇಂಟರ್ನ್‌ಶಿಪ್ಪೂ

ನನ್ನ ಹತ್ತಿರ ಒಂದು ಕಾರಿದೆ. ಈ ಕಥೆಯಲ್ಲಿ ನನ್ನ ಪಾತ್ರ ಅಷ್ಟೇ. ದೆಹಲಿಯಲ್ಲಿ ಕಾರಿರುವ ಸೋದರಮಾವನಿಗೆ ಸ್ವಂತ ಭಾನುವಾರ ಇರುವುದಿಲ್ಲ, ರಜೆ ಇರುವುದಿಲ್ಲ, ಅಭಿಪ್ರಾಯವಂತೂ ಇರಲೇಬಾರದು. ದ್ವಾರಕಾದ ಮನೆಯಲ್ಲಿ ನಾನು ಕಾಲು ಚಾಚಿ ಕೂತೆ ಅನ್ನುವಷ್ಟರಲ್ಲಿ ಕಿದ್ವಾಯಿ ನಗರದಿಂದ ಲೀಲಾವತಿ ಅಕ್ಕನ ಫೋನ್ ಬರುತ್ತದೆ. "ದಿಲೀಪ, ಗಾಡೀಲಿ ಪೆಟ್ರೋಲ್ ಇದೆಯೇನೋ?" ಅಂತಲೇ ಶುರುಮಾಡುತ್ತಾಳೆ. ನಾನು ಚೆನ್ನಾಗಿದ್ದೇನೋ ಇಲ್ಲವೋ ಅನ್ನುವುದು ಆಮೇಲಿನ ಮಾತು, ಅದೂ ನೆನಪಾದರೆ.

ಆ ತಿಂಗಳು ಮನೆಯಲ್ಲಿ ಇದ್ದದ್ದು ಒಂದೇ ಚಿಂತೆ, ಅಕ್ಕನ ಮಗಳು ಅಮೂಲ್ಯಳ ಇಂಟರ್ನ್‌ಶಿಪ್. ಹುಡುಗಿ ಬಿಬಿಎ ಕೊನೆಯ ವರ್ಷ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನಲ್ಲಿ ಮೂರು ತಿಂಗಳು ಎಲ್ಲಾದರೂ ಕೆಲಸ ಕಲಿಯಲೇಬೇಕು, ಸೇರಿದ ಪತ್ರ ಹದಿನೈದನೇ ತಾರೀಖಿನೊಳಗೆ ಕಾಲೇಜಿಗೆ ಕೊಡಬೇಕು, ಕೊಡದಿದ್ದರೆ ಈ ವರ್ಷ ಡಿಗ್ರಿ ಇಲ್ಲ ಅಂತ ಕಾಲೇಜಿನವರು ಹೇಳಿಬಿಟ್ಟಿದ್ದರು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದರೆ ಏನು ಮಾಡುತ್ತಾರೆ ಅಂತ ನಾನು ಒಮ್ಮೆ ಕೇಳಿದೆ.

"ಕೆಲಸ ನಾವು ಮಾಡಲ್ಲ ಮಾಮ. ಯಾರು ಮಾಡ್ಬೇಕು, ಯಾವಾಗ ಮುಗೀಬೇಕು ಅಂತ ಹಿಂದೆ ಬಿದ್ದು ಮಾಡಿಸ್ತೀವಿ."

"ಇದನ್ನು ನಿಮ್ಮಮ್ಮ ನಾನು ಹುಟ್ಟಿದಾಗಿನಿಂದ ನನ್ನ ಮೇಲೆ ಮಾಡ್ತಾ ಇದಾಳೆ. ಅವಳ ಹತ್ತಿರವೇ ಸೇರಿಕೋ."

ಅವಳು ನಗಲಿಲ್ಲ. ನಗುವ ಹಂತ ದಾಟಿ ಬಹಳ ದಿನವಾಗಿತ್ತು. ನೋಯ್ಡಾ, ಗುರುಗ್ರಾಮ, ಓಖ್ಲಾ, ಎಲ್ಲ ಕಡೆಗೂ ಅರ್ಜಿ ಹಾಕಿದ್ದಳು. ಕೆಲಸ ಕಲಿಯಲು ಬರುವವಳಿಗೆ ಮೊದಲೇ ಎರಡು ವರ್ಷದ ಅನುಭವ ಇರಬೇಕು ಅಂತ ಕೆಲವರು ಕೇಳಿದರು. ಉಳಿದವರು ಅದನ್ನೂ ಕೇಳಲಿಲ್ಲ. ಒಂದು ಕಂಪನಿಯಂತೂ ಇಂಟರ್ವ್ಯೂಗೆ ಮನುಷ್ಯರನ್ನೇ ಕೂರಿಸಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅವಳ ಮುಖವೇ ಅವಳಿಗೆ ಕಾಣಿಸುತ್ತಿತ್ತಂತೆ, ಅದರ ಕೆಳಗೆ ಗಡಿಯಾರ ಓಡುತ್ತಿತ್ತಂತೆ, ಅದಕ್ಕೆ ಉತ್ತರ ಹೇಳಬೇಕಂತೆ. "ಮಾಮ, ಮೈಂ ಥಕ್ ಗಯೀ, ಸಾಕಾಗಿ ಹೋಯ್ತು. ಒಬ್ಬ ಮನುಷ್ಯ ಎದುರಿಗೆ ಕೂತು ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು. ರಿಜೆಕ್ಟ್ ಮಾಡ್ಲಿ, ಆದ್ರೆ ಕೇಳಿ ರಿಜೆಕ್ಟ್ ಮಾಡ್ಲಿ" ಅಂದಳು. ಪಾಪ ಅನ್ನಿಸಿತು.

ಇಂಥ ಹೊತ್ತಿನಲ್ಲಿ ಭಾವ ಈ ವಿಷಯವನ್ನು ಕೈಗೆ ತೆಗೆದುಕೊಂಡರು.

ಚಂದ್ರಮೋಹನ ಭಾವ ತಿಪಟೂರಿನ ಕಡೆಯವರು. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಹಿಂದಿ ಸೆಕ್ಷನ್ನಿನ ಅಧಿಕಾರಿ. ಯಾವ ಮಂತ್ರಾಲಯ ಅಂತ ಹೇಳುವುದಿಲ್ಲ, ಕಾರ್ಖಾನೆ ಇಟ್ಟುಕೊಂಡವರು ಅದರ ಹೆಸರು ಕೇಳಿದರೆ ಕೂತಲ್ಲಿಂದ ಏಳುತ್ತಾರೆ ಅಂತಷ್ಟೇ ತಿಳಿದಿರಲಿ. ಭಾವ ಬಂದರೆ ಮಾತ್ರ ಅಲ್ಲಿ ಪ್ಯೂನ್ ಕೂಡ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಬಂದ ಸುತ್ತೋಲೆಯನ್ನು ಹಿಂದಿಗೆ ತಿರುಗಿಸುವುದು, ತಿರುಗಿಸಿದ್ದನ್ನು ಯಾರೂ ಓದುವುದಿಲ್ಲ ಅನ್ನುವುದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಮುಂದಿನದಕ್ಕೆ ಹೋಗುವುದು, ಇಷ್ಟು ಅವರ ಕೆಲಸ.

ತೊಂದರೆ ಎಲ್ಲಿದೆ ಅಂದರೆ, ಭಾವ ಹಿಂದಿ ಕಲಿತದ್ದು ಬೀದಿಯಲ್ಲಲ್ಲ, ಆ ಸುತ್ತೋಲೆಗಳಲ್ಲಿ. ದೆಹಲಿಗೆ ಬಂದು ತಲೆ ನರೆತರೂ ಅವರಿಗೆ ಬೇರೆ ಹಿಂದಿ ಬರಲೇ ಇಲ್ಲ. ತರಕಾರಿ ಗಾಡಿಯವನ ಮುಂದೆ ನಿಂತು, "ಭಯ್ಯಾ, ಟಮಾಟರ್ ಕೇ ಸಂಬಂಧ್ ಮೇಂ ಸ್ಥಿತಿ ಸ್ಪಷ್ಟ್ ಕೀಜಿಯೇ" ಅನ್ನುತ್ತಾರೆ. ಟೊಮ್ಯಾಟೋ ಕುರಿತ ಪರಿಸ್ಥಿತಿಯನ್ನು ಸ್ಪಷ್ಟಪಡಿಸಿ ಅಂತ. ಅವನು ಕಾರ್ಪೊರೇಷನ್ನಿನವರು ಬಂದರು ಅಂದುಕೊಂಡು ಗಾಡಿ ತಳ್ಳಿಕೊಂಡು ಮುಂದಿನ ಬ್ಲಾಕಿಗೆ ಹೋಗಿಬಿಡುತ್ತಾನೆ. ಒಮ್ಮೆ ಪಕ್ಕದ ಮನೆಯ ಮಗುವಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದ್ದರು. ಮಗು ಅತ್ತಿತ್ತು.

ಫರೀದಾಬಾದಿನಲ್ಲಿ ಪ್ರೆಶರ್ ಕುಕ್ಕರಿನ ಹಿಡಿ ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿ ಹೊಸ ಶೆಡ್ ಕಟ್ಟಿಸುತ್ತಿದ್ದರು, ಪ್ರಾಜೆಕ್ಟಿಗೆ ಇಂಟರ್ನ್ ಬೇಕು ಅಂತ ಜಾಹೀರಾತು ಹಾಕಿದ್ದರು. ಅಮೂಲ್ಯ ಅಲ್ಲಿಗೂ ಅರ್ಜಿ ಹಾಕಿದ್ದಳು. ನಿಮ್ಮ ಅರ್ಜಿ ಬಂದಿದೆ ಅಂತ ಒಂದು ಉತ್ತರ ಬಂತು, ಆಮೇಲೆ ಸದ್ದಿಲ್ಲ. ಹೀಗಿರುವಾಗ ಒಂದು ಶನಿವಾರ ನಾನು ಅಕ್ಕನನ್ನು ಐಎನ್‌ಎ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ನುಗ್ಗೇಕಾಯಿ ಹೊತ್ತುಕೊಂಡು ಮೇಲೆ ಬಂದರೆ, ಭಾವ ಕನ್ನಡಕ ಹಾಕಿಕೊಂಡು ಫೋನಿನ ಮುಂದೆ ಕೂತಿದ್ದರು. ಅಮೂಲ್ಯ ಮನೆಯಲ್ಲಿರಲಿಲ್ಲ.

"ಅರ್ಜಿ ಹಾಕಿ ಸುಮ್ಮನೆ ಕೂತರೆ ಆಗುತ್ತೇನೋ ದಿಲೀಪ? ಜ್ಞಾಪಿಸಬೇಕು. ಈಗಿನ ಮಕ್ಕಳಿಗೆ ಅದು ಗೊತ್ತಾಗಲ್ಲ" ಅಂದರು.

ಫೋನನ್ನು ಸ್ಪೀಕರಿಗೆ ಹಾಕಿದ್ದರು. ಆ ಕಡೆ ಎತ್ತಿದರು. ಭಾವ ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷದಿಂದ ಪ್ರತಿ ಫೋನಿನಲ್ಲೂ ಹೇಗೆ ಶುರುಮಾಡುತ್ತಿದ್ದರೋ ಹಾಗೇ ಶುರುಮಾಡಿದರು. ಮೊದಲು ಮಂತ್ರಾಲಯದ ಹೆಸರು, ಆಮೇಲೆ ತಮ್ಮ ಹೆಸರು. ಆಮೇಲೆ, "ಆಪ್‌ಕೇ ಪ್ರತಿಷ್ಠಾನ್ ಕೇ ಸಂಬಂಧ್ ಮೇಂ ಏಕ್ ಮಾಮಲಾ ಲಂಬಿತ್ ಹೈ. ಅವಿಲಂಬ್ ಕಾರ್ರವಾಯಿ ಅಪೇಕ್ಷಿತ್ ಹೈ." ನಿಮ್ಮ ಸಂಸ್ಥೆಗೆ ಸಂಬಂಧಪಟ್ಟ ಒಂದು ವಿಷಯ ಬಾಕಿ ಉಳಿದಿದೆ, ತಡವಿಲ್ಲದೆ ಕ್ರಮ ನಿರೀಕ್ಷಿಸಲಾಗಿದೆ, ಅಂತ. ಮಗಳ ಅರ್ಜಿ ಸ್ವಲ್ಪ ನೋಡ್ರಪ್ಪ ಅನ್ನುವುದಕ್ಕೆ ಅವರ ಹಿಂದಿಯಲ್ಲಿ ಇದಕ್ಕಿಂತ ಮೆತ್ತಗಿನ ಮಾತಿಲ್ಲ.

ಆ ಕಡೆ ಫೋನ್ ಕೈಯಿಂದ ಕೈಗೆ ಹೋಯಿತು. ಕೊನೆಗೆ ಮಾಲೀಕರೇ ಬಂದರು, ಮನೋಜ್ ಭಾಟಿಯಾ ಅಂತ. ಭಾವ ಅವರಿಗೆ ವಿಷಯ ವಿವರಿಸಿದರು. ಕುಮಾರಿ ಅಮೂಲ್ಯ ಎಂಬುವವರು ಮೂರು ತಿಂಗಳ ಕಾಲ ನಿಮ್ಮಲ್ಲಿ ಉಪಸ್ಥಿತರಿದ್ದು ಎಲ್ಲ ಕಾರ್ಯಗಳನ್ನೂ ಗಮನಿಸುತ್ತಾರೆ, ಅದಕ್ಕೂ ಮೊದಲು ನಾವು ಖುದ್ದಾಗಿ ಒಮ್ಮೆ ಬಂದು ನೋಡುತ್ತೇವೆ, ಮಂಗಳವಾರ ಆಗಬಹುದೇ ಅಂದರು. ಭಾಟಿಯಾ ಅವರು ದಯಮಾಡಿ ಒಂದು ವಾರ ಕೊಡಿ ಅಂದರು. ಭಾವ ಉದಾರವಾಗಿ ಮುಂದಿನ ವಾರದ ಸೋಮವಾರ ಅಂದರು.

ಫೋನ್ ಇಟ್ಟ ಮೇಲೆ ನಾನು ಕೇಳಿದೆ. "ಭಾವ, ನನ್ನ ಮಗಳು ಅಂತ ಹೇಳಲೇ ಇಲ್ಲವಲ್ಲ?"

"ಛೆ ಛೆ. ಮಗಳು ಅಂದರೆ ಶಿಫಾರಸು ಮಾಡಿದ ಹಾಗಾಗುತ್ತೆ. ಅದು ತಪ್ಪು."

ನಮ್ಮ ಭಾವನ ಪ್ರಾಮಾಣಿಕತೆ ಈ ಮಟ್ಟದ್ದು. ನಾನು ನುಗ್ಗೇಕಾಯಿಯನ್ನು ಅಡುಗೆಮನೆಯಲ್ಲಿಟ್ಟು ದ್ವಾರಕಾಕ್ಕೆ ಹೊರಟೆ.

ಅಮೂಲ್ಯಳಿಗೆ ಇಂಟರ್ವ್ಯೂಗೆ ಕರೆದಿದ್ದಾರೆ ಅಂತ ಮಾತ್ರ ಗೊತ್ತಾಯಿತು. ಸೋಮವಾರ ಅಂದರೆ ಹದಿನಾಲ್ಕು. ಇದು ತಪ್ಪಿದರೆ ಇನ್ನೊಂದು ಇಲ್ಲ. ಹುಡುಗಿ ಬಾಗಿಲು ಹಾಕಿಕೊಂಡು ಓದಲು ಕೂತಳು. ಆ ಕಡೆ ಕಾರ್ಖಾನೆಯಿಂದ ಭಾವನಿಗೆ ದಿನಾ ಫೋನ್. ಎಷ್ಟು ಜನ ಬರುತ್ತೀರಿ ಸರ್, ಅಂತ ಒಂದು ದಿನ. ಅಕ್ಕ ತಾನೂ ಬರುತ್ತೇನೆ ಅಂದದ್ದರಿಂದ ಮೂವರು, ಡ್ರೈವರ್ ಬೇರೆ ಅಂದರು ಭಾವ. ಊಟಕ್ಕೆ ಏನು ಮಾಡಿಸೋಣ ಅಂತ ಇನ್ನೊಂದು ದಿನ. ಸೋಮವಾರ ಈರುಳ್ಳಿ ತಿನ್ನುವುದಿಲ್ಲ ಅಂದರು. ಏನೇನು ನೋಡಬೇಕು ಸರ್ ಅಂದರೆ, ಎಲ್ಲವನ್ನೂ ತೋರಿಸಿ, ಏನನ್ನೂ ಬಚ್ಚಿಡಬೇಡಿ, ಹುಡುಗಿ ಕಲಿಯಬೇಕಲ್ಲ ಅಂದರು. ಕೊನೆಯ ತುಂಡು ಕನ್ನಡದಲ್ಲಿ ನನಗೆ ಹೇಳಿದ್ದು, ಅದು ಫರೀದಾಬಾದ್ ತಲುಪಲಿಲ್ಲ.

ಕಿದ್ವಾಯಿ ನಗರದಲ್ಲಿ ಒಂದು ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ಮೂರು ಬ್ಲಾಕಿಗೆ ಗೊತ್ತಾಗುತ್ತದೆ. ಇದು ಗೊತ್ತಾಗದಿರುತ್ತದೆಯೇ. ಮೇಲಿನ ಮನೆಯ ಕೇಶವಮೂರ್ತಿಯವರು ಬುಧವಾರವೇ ಇಳಿದು ಬಂದರು. ಅವರ ಮಗ ಯಶವಂತ್ ಕೂಡ ಇಂಟರ್ನ್‌ಶಿಪ್ ಹುಡುಕುತ್ತಾ ಗಡ್ಡ ಬಿಟ್ಟಿದ್ದ.

"ಕಂಪನಿಯವರೇ ಫೋನ್ ಮಾಡಿ ಅಡುಗೆ ಏನು ಮಾಡಿಸಲಿ ಅಂತ ಕೇಳ್ತಾರಂತೆ, ಹೌದೇ ಚಂದ್ರಮೋಹನ್? ನಮ್ಮ ಹುಡುಗನಿಗೆ ನೀರು ಕೂಡ ಕೊಡಲಿಲ್ಲ ಕಣ್ರೀ ಆ ಗುರುಗ್ರಾಮದವರು."

"ಪತ್ರವ್ಯವಹಾರಕ್ಕೆ ಅಂತ ಒಂದು ರೀತಿ ಇರುತ್ತೆ ಮೂರ್ತಿಯವರೇ" ಅಂದರು ಭಾವ, ಬಹಳ ಗಂಭೀರವಾಗಿ.

ಗುರುವಾರದ ಹೊತ್ತಿಗೆ ಲಿಫ್ಟಿನಲ್ಲಿ ಜನ ಭಾವನಿಗೆ ಜಾಗ ಬಿಡತೊಡಗಿದರು. ಎದುರು ಬ್ಲಾಕಿನ ವೈಜಯಂತಿಯವರು ಅಕ್ಕನ ಹತ್ತಿರ, ಇಂಟರ್ನ್‌ಗೇ ಇಷ್ಟು ಅಂದರೆ ಮುಂದೆ ಮ್ಯಾನೇಜರ್ ಆದಾಗ ನಮ್ಮನ್ನು ಮರೀಬೇಡಿ ಅಂದರಂತೆ. ಅಕ್ಕ ಆ ಖುಷಿಗೆ ಕೇಸರಿಬಾತ್ ಮಾಡಿ ಹಂಚಿದಳು. ಯಾವ ಖುಷಿ ಅಂತ ಕೇಳಬೇಡಿ. ಆ ಮನೆಯಲ್ಲಿ ಬಹಳ ದಿನದಿಂದ ಖುಷಿಪಡಲು ಏನೂ ಸಿಕ್ಕಿರಲಿಲ್ಲ.

ಸೋಮವಾರ ನಾನು ರಜೆ ಹಾಕಿ ಕಾರು ತಂದೆ. ಬಿಳೀ ಕಾರು. ಹಿಂದೆ ಭಾವ, ಕತ್ತಿನಲ್ಲಿ ಆಫೀಸಿನ ಗುರುತಿನ ಚೀಟಿ. ಅದಿಲ್ಲದೆ ಅವರು ಹಾಲಿನ ಬೂತಿಗೂ ಹೋಗುವುದಿಲ್ಲ. ಪಕ್ಕದಲ್ಲಿ ಅಕ್ಕ, ಮೈಸೂರು ಸಿಲ್ಕು. ಆ ಕಡೆ ಅಮೂಲ್ಯ, ಇಸ್ತ್ರಿ ಮಾಡಿದ ಶರ್ಟು, ತೊಡೆಯ ಮೇಲೆ ಒಂದು ಫೈಲು, ನೆಟ್ಟಗೆ ಕೂತು ಏನೋ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಮುಂದೆ ಮಾತಾಡದ ನಾನು. ಇದನ್ನು ಹೊರಗಿನಿಂದ ನೋಡಿದವರಿಗೆ ದೆಹಲಿಯಲ್ಲಿ ಒಂದೇ ಅರ್ಥವಾಗುತ್ತದೆ, ಸರ್ಕಾರಿ ತಪಾಸಣೆ, ಅಂತ ನನಗೆ ಆಗ ಹೊಳೆಯಲಿಲ್ಲ. ಬದರ್‌ಪುರದ ಟ್ರಾಫಿಕ್ಕಿನಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ.

ಕಾರ್ಖಾನೆಯ ಗೇಟಿಗೆ ಬಣ್ಣ ಬಳಿದಿದ್ದರು, ಇನ್ನೂ ಹಸಿ. ಒಳಗೆ ರಂಗೋಲಿ, ಹಾರ್ದಿಕ ಸ್ವಾಗತದ ಬ್ಯಾನರು. ಭಾಟಿಯಾ ಅವರು ದಪ್ಪಗಿನ ಮನುಷ್ಯ, ಕಣ್ಣು ಕೆಂಪಗಾಗಿತ್ತು, ನಿದ್ದೆ ಮಾಡಿ ವಾರವಾದವರ ಹಾಗಿದ್ದರು. ಕುಮಾರಿ ಅಮೂಲ್ಯ ಯಾರು ಅಂತ ಕೇಳಿ ತಿಳಿದುಕೊಂಡು ಅವಳ ಕೈಗೇ ಹೂಗುಚ್ಛ ಕೊಟ್ಟು, "ಇಷ್ಟು ಚಿಕ್ಕ ವಯಸ್ಸಿಗೇ" ಅಂತ ಕೈ ಮುಗಿದರು. "ಥ್ಯಾಂಕ್ಯೂ ಸರ್" ಅಂದಳು ಅಮೂಲ್ಯ. ಅವರ ಮುಖ ಬಿಳುಚಿತು. ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿ ಇಷ್ಟು ವಿನಯವಾಗಿ ಮಾತಾಡಿದರೆ ಯಾವ ಮಾಲೀಕನಿಗೂ ಎದೆ ಹೊಡೆದುಕೊಳ್ಳುತ್ತದೆ ಅನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು.

ಭಾವ ನನ್ನ ಕಿವಿಯಲ್ಲಿ, "ನೋಡಿದೆಯಾ, ಖಾಸಗಿಯವರು ಕಲಿಯೋ ಮಕ್ಕಳಿಗೆ ಎಷ್ಟು ಮರ್ಯಾದೆ ಕೊಡ್ತಾರೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಒಂದೊಂದೇ ಶೆಡ್ ತೋರಿಸಿದರು. ಕೆಲಸಗಾರರ ತಲೆಯ ಮೇಲೆ ಹೊಸ ಹೆಲ್ಮೆಟ್, ಅದರ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಪ್ರತಿ ಶೆಡ್ಡಿನ ಬಾಗಿಲಲ್ಲೂ ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಮೂರನೇ ಶೆಡ್ಡಿನಲ್ಲಿ ಅಮೂಲ್ಯ ನಿಂತಳು. ಇಂಟರ್ವ್ಯೂ ಶುರುವಾಗಿದೆ, ನಾನು ಎಷ್ಟು ಗಮನವಿಟ್ಟು ನೋಡುತ್ತೇನೆ ಅಂತ ಪರೀಕ್ಷೆ ಮಾಡುತ್ತಿದ್ದಾರೆ ಅಂತ ಅವಳ ಲೆಕ್ಕ.

"ಸರ್, ಈ ಸಿಲಿಂಡರ್‌ಗೆ ಇಲ್ಲಿ ನೆಗ್ಗು ಇದೆ. ಹಿಂದಿನ ಶೆಡ್ಡಲ್ಲಿ ಇದ್ದದ್ದೂ ಇದೇ ಅಲ್ವಾ?" ಅಂತ ಹಿಂದಿಯಲ್ಲಿ ಕೇಳಿದಳು.

ಭಾಟಿಯಾ ಅವರು ಕರ್ಚೀಫು ತೆಗೆದರು. ಹಿಂದಿನಿಂದ ಒಬ್ಬ ಅದನ್ನು ಹೊತ್ತುಕೊಂಡು ಓಡಿ ಓಡಿ ಮುಂದಿನ ಶೆಡ್ಡಿಗೆ ಇಡುತ್ತಿದ್ದನಂತೆ. ಉಳಿದವು ಇನ್ನೂ ಬಂದಿಲ್ಲ, ನಾಳೆ ಬರುತ್ತವೆ, ಆಣೆ ಅಂದರು. ಅಮೂಲ್ಯ "ಓಕೆ ಸರ್" ಅಂತ ಫೈಲಿನಲ್ಲಿ ಏನೋ ಬರೆದುಕೊಂಡಳು. ಬರೆದದ್ದು ಹುಡುಗಿ, ಬೆವರಿದ್ದು ಕಾರ್ಖಾನೆಯವರೆಲ್ಲ.

ಊಟದ ಕೋಣೆಯಲ್ಲಿ ಗೋಡಂಬಿ, ಬಾದಾಮಿ, ಈರುಳ್ಳಿಯಿಲ್ಲದ ಪನೀರು. ಅಕ್ಕ ಪಾಕವಿಧಾನ ಕೇಳುತ್ತಿದ್ದಳು. ಭಾಟಿಯಾ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಇಂಥ ವಿಷಯವನ್ನು ಯಾವಾಗಲೂ ಡ್ರೈವರ್ ಹತ್ತಿರ ಕೇಳುವುದು ದೆಹಲಿಯ ಪದ್ಧತಿ.

"ಭಾಯಿಸಾಹೇಬ್, ಮುಚ್ಚುಮರೆ ಬೇಡ. ಮ್ಯಾಡಮ್‌ಗೆ ಏನು ಬೇಕು?"

"ಏನೂ ಬೇಡಪ್ಪ. ಮೂರು ತಿಂಗಳು ಬರ್ತಾಳೆ. ಕೂರೋಕೆ ಒಂದು ಕುರ್ಚಿ ಕೊಡಿ ಸಾಕು."

"ಏನೂ ಬೇಡ ಅನ್ನೋ ಅಧಿಕಾರಿ ಬಂದ್ರೆ ನಾವು ಮುಳುಗಿದ ಹಾಗೇ" ಅಂತ ಅವರು ಗೋಡೆಗೆ ಒರಗಿದರು.

ಅಧಿಕಾರಿ ಅನ್ನುವ ಮಾತು ಕಿವಿಗೆ ಬಿತ್ತು. ಒಂದು ವಾರದ್ದೆಲ್ಲ ಒಟ್ಟಿಗೆ ಅರ್ಥವಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಒಳಗೆ ಹೋಗಿ, ಅಮೂಲ್ಯಳ ಎದುರು ಕೂತು, ತಾವಾಗಿಯೇ ಎಲ್ಲ ಹೇಳತೊಡಗಿದರು. ಹಿಂದಿನ ಬಾಗಿಲಿಗೆ ಅಡ್ಡವಾಗಿ ಪೆಟ್ಟಿಗೆ ಪೇರಿಸಿದ್ದು ನಿಜ, ಹೊಸ ಶೆಡ್ಡಿನ ಪರವಾನಗಿ ಬಾಕಿಯಿರುವುದೂ ನಿಜ. "ತಾವು ಏನು ಹೇಳ್ತೀರೋ ಅದಕ್ಕೆ ಈಗಲೇ ಸಹಿ ಹಾಕ್ತೀನಿ ಮ್ಯಾಡಮ್. ಕಾಗದದಲ್ಲಿ ಏನು ಬರೀಬೇಕೋ ನೀವೇ ಹೇಳಿ."

ಅಮೂಲ್ಯ ಪೆನ್ನು ಕೆಳಗಿಟ್ಟಳು. ಅಪ್ಪನ ಕತ್ತಿನ ಚೀಟಿ ನೋಡಿದಳು, ಹೂಗುಚ್ಛ ನೋಡಿದಳು, ನನ್ನನ್ನು ನೋಡಿದಳು. ಅವಳಿಗೂ ಗೊತ್ತಾಯಿತು. ನಾಳೆ ಹದಿನೈದು. ಕುಮಾರಿ ಅಮೂಲ್ಯ ಇಂದಿನಿಂದ ಸೇರಿದ್ದಾರೆ ಅಂತ ಒಂದು ಸಾಲು ಬರೆಸಿಕೊಂಡರೆ ಆ ಮನುಷ್ಯ ಓದದೆ ಸಹಿ ಹಾಕುತ್ತಿದ್ದ. ನಾನು ಹಿಂದೆಯೇ ಬಂದು ಪಕ್ಕದಲ್ಲಿ ಕೂತು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಸುಮ್ಮನಿರು ಅಂತಲೋ, ಹೇಳಿಬಿಡು ಅಂತಲೋ, ನನಗೇ ತಿಳಿಯಲಿಲ್ಲ.

"ಸರ್, ನಾನು ಅಧಿಕಾರಿ ಅಲ್ಲ" ಅಂದಳು. "ನಾನು ಇಂಟರ್ನ್‌ಶಿಪ್‌ಗೆ ಅಪ್ಲೈ ಮಾಡಿದ್ದೆ. ಇವರು ನನ್ನ ತಂದೆ. ಫೋನಲ್ಲಿ ಅವರು ಮಾತಾಡೋದೇ ಹಾಗೆ, ಮನೇಲೂ ಹಾಗೇ. ಪ್ಲೀಸ್, ನೀವು ನನ್ನ ಇಂಟರ್ವ್ಯೂ ತಗೋತೀರಾ?"

ಭಾವ ಎಲ್ಲರಿಗಿಂತ ಕೊನೆಯಲ್ಲಿ ಅರ್ಥಮಾಡಿಕೊಂಡರು. ಮಾಡಿಕೊಂಡದ್ದೇ ತಡ, ಕೈಯಲ್ಲಿದ್ದ ಗೋಡಂಬಿಯನ್ನು ತಟ್ಟೆಗೆ ವಾಪಸು ಹಾಕಿದರು. ಜೇಬಿನಲ್ಲಿದ್ದ ಎರಡನ್ನೂ ತೆಗೆದು ಹಾಕಿದರು. "ನಡತೆ ನಿಯಮದ ಪ್ರಕಾರ ಆತಿಥ್ಯ ಸ್ವೀಕರಿಸುವ ಹಾಗಿಲ್ಲ. ಲೀಲಾ, ನೀನೂ ಪನೀರು ಬಿಡು" ಅಂದರು. ಅಕ್ಕ ತುತ್ತು ಅರ್ಧಕ್ಕೇ ಹಿಡಿದು, "ನುಂಗಿದ್ದನ್ನು ಏನ್ರೀ ಮಾಡಲಿ?" ಅಂದಳು. ಭಾವ ಎದ್ದು ಭಾಟಿಯಾ ಅವರ ಮುಂದೆ ಕೈ ಮುಗಿದು ನಿಂತರು. ಕ್ಷಮಾಪಣೆಯ ಹಿಂದಿ ಅವರಿಗೆ ಬರಲಿಲ್ಲ, ಸರ್ಕಾರಿ ಸುತ್ತೋಲೆಗಳಲ್ಲಿ ಅದು ಇರುವುದಿಲ್ಲ. ಕೊನೆಗೆ ಕನ್ನಡದಲ್ಲೇ, "ತಪ್ಪಾಯ್ತು ಸ್ವಾಮಿ. ಮಗಳಿಗೆ ಎಲ್ಲೂ ಸಿಗ್ತಾ ಇರಲಿಲ್ಲ" ಅಂದರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಭಾಟಿಯಾ ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಅವರು ಬಹಳ ಹೊತ್ತು ಭಾವನನ್ನೇ ನೋಡಿದರು. ಬೈಯುವುದಕ್ಕೂ ಅವರಲ್ಲಿ ತ್ರಾಣ ಉಳಿದಿರಲಿಲ್ಲ. ಒಂದು ಲೋಟ ನೀರು ಕುಡಿದು ಅಂದರು, "ಇಂಟರ್ವ್ಯೂ ಮಾಡಬೇಕಾದವನು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್. ನಿಮ್ಮ ತಂದೆಯ ಫೋನ್ ಬಂದ ಮಾರನೇ ದಿನವೇ ಊರಿಗೆ ಓಡಿಹೋದ. ಮೊಬೈಲೂ ಎತ್ತಲ್ಲ. ಹೋಗಲಿ, ನಾನೇ ಒಂದು ಕೇಳ್ತೀನಿ. ಈ ಗೇಟು, ಈ ಬಣ್ಣ, ಹೆಲ್ಮೆಟ್ಟು, ಮೂಲೆಯ ಕಸ, ಎರಡು ದೀಪಾವಳಿಯಿಂದ ಆಗದೆ ಬಿದ್ದಿತ್ತು. ಈ ಒಂದು ವಾರದಲ್ಲಿ ಹೇಗೆ ಆಯ್ತು, ಹೇಳು ಬೇಟಾ."

ಅಮೂಲ್ಯ ವಾರವೆಲ್ಲ ಓದಿದ್ದು ಯಾವುದೂ ಇದಕ್ಕೆ ಹೊಂದುವಂಥದ್ದಲ್ಲ. ಫೈಲು ಮುಚ್ಚಿದಳು.

"ಈ ವಾರ ಎಲ್ಲರಿಗೂ ತಾರೀಖು ಗೊತ್ತಿತ್ತು ಸರ್. ಆ ತಾರೀಖಿಗೆ ಯಾರೋ ಬಂದು ನೋಡ್ತಾರೆ ಅಂತಲೂ ಗೊತ್ತಿತ್ತು."

"ಅಚ್ಛಾ" ಅಂದರು ಭಾಟಿಯಾ. ಇನ್ನೊಮ್ಮೆ "ಅಚ್ಛಾ" ಅಂದರು. ಆಮೇಲೆ ಕ್ಲರ್ಕನ್ನು ಕರೆದು ಸೇರಿದ ಪತ್ರ ಟೈಪ್ ಮಾಡಿಸಿದರು. ಹುಡುಗಿ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಳುತ್ತಾ ಕಾರು ಹತ್ತಿದಳು. ಮಾಲೀಕರು ಗೇಟಿನವರೆಗೂ ಬಂದು ಭಾವನಿಗೆ ಒಂದೇ ಮಾತು ಹೇಳಿದರು, ಇನ್ನು ಮುಂದೆ ಇಲ್ಲಿಗೆ ಫೋನ್ ಮಾಡಬೇಡಿ. ಭಾವ ಲಿಖಿತದಲ್ಲಿ ಕೊಡಲೇ ಅಂತ ಕೇಳಿದರು. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಈಗ ಅಮೂಲ್ಯ ದಿನಾ ಮೆಟ್ರೋ ಹಿಡಿದು ಫರೀದಾಬಾದಿಗೆ ಹೋಗುತ್ತಾಳೆ. ಮ್ಯಾನೇಜರ್ ವಾಪಸು ಬಂದಿಲ್ಲ. ಹೊಸ ಶೆಡ್ಡಿನ ಕೆಲಸದ ಹಿಂದೆ ಅವಳೊಬ್ಬಳೇ ಬಿದ್ದಿದ್ದಾಳೆ. ಮನೆಗೆ ಬಂದರೆ ಮಾತಾಡಲೂ ಶಕ್ತಿಯಿರುವುದಿಲ್ಲ, ಆದರೂ ಮುಖದಲ್ಲಿ ಏನೋ ಕಳೆ ಬಂದಿದೆ. ಹೋದ ವಾರ ನಡೆದದ್ದನ್ನು ಅವಳೇ ಹೇಳಿದಳು. ಅವಳು ಭಾಟಿಯಾ ಅವರ ಕೋಣೆಯಲ್ಲಿ ಕೂತಿದ್ದಾಗ ಫೋನ್ ಬಂತಂತೆ, ಅವರು ಸ್ಪೀಕರಿಗೆ ಹಾಕಿದರಂತೆ. ನಿಜವಾದ ಇನ್ಸ್‌ಪೆಕ್ಷನ್ ಆಫೀಸಿನದು, ನಿಜವಾದ ಅಧಿಕಾರಿ. ಆತನೂ ಅದೇ ಭಾರದ ಹಿಂದಿಯಲ್ಲಿ, ನಿಮ್ಮ ಪ್ರತಿಷ್ಠಾನದ ಸಂಬಂಧದಲ್ಲಿ, ಅಂತ ಶುರುಮಾಡಿದರಂತೆ. ಭಾಟಿಯಾ ಅವರು ಕಣ್ಣು ಮುಚ್ಚಿ ಹಣೆ ಒತ್ತಿಕೊಂಡು, ಮಾತು ಮುಗಿಸಲೂ ಬಿಡದೆ, "ನೋಡಿ ಸಾಹೇಬ್ರೇ, ಸುತ್ತಿ ಬಳಸಿ ಹೇಳಬೇಡಿ. ಮಗನೋ, ಮಗಳೋ?" ಅಂದರಂತೆ.

ಅಮೂಲ್ಯ ಕೈ ಬೀಸಿ ಬೇಡ ಬೇಡ ಅಂದಳಂತೆ. ತಡವಾಗಿತ್ತು.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತಂತೆ. ಆಮೇಲೆ ಆ ಅಧಿಕಾರಿ ಹಿಂದಿಯ ಭಾರವನ್ನೆಲ್ಲ ಇಳಿಸಿ, ಮೆತ್ತಗೆ ಅಂದರಂತೆ, "ಮಗ. ಬಿಬಿಎ ಕೊನೆಯ ವರ್ಷ. ಎಲ್ಲೂ ತಗೋತಾ ಇಲ್ಲ."